ಹಿಮ ಕಾಣದ ಊರಿನ ಹುಡುಗಿಯರು

ಒಂದು ಸಹಿ ಹಾಕಲು ಎಷ್ಟು ಹೊತ್ತು ಬೇಕು? ಹೆಸರು ಬರೆದು ಕೆಳಗೊಂದು ಗೆರೆ ಎಳೆಯಲು ಅರ್ಧ ನಿಮಿಷ ಸಾಕು. ಆದರೆ ನಮ್ಮ ಮನೆಗಳಲ್ಲಿ ಹೆಣ್ಣುಮಗಳು ತಂದ ಕೆಲವು ಕಾಗದಗಳ ಮೇಲೆ ಸಹಿ ಬೀಳಲು ವಾರಗಳೇ ಹಿಡಿಯುತ್ತವೆ. ಕೆಲವು ಕಾಗದಗಳ ಮೇಲೆ ಬೀಳುವುದೇ ಇಲ್ಲ. ಅಂಥ ಎರಡು ಕಾಗದಗಳ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಮೊದಲನೆಯದರಲ್ಲಿ ತಪ್ಪು ನನ್ನದು. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನಾನು ಕಂಪಲಾಪುರದವಳು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಮಡಿಕೇರಿ ಬಸ್ಸುಗಳು ನಿಂತು ಹೋಗುವ ಊರು. ಸುತ್ತಲೂ ತಂಬಾಕಿನ ಹೊಲಗಳು. ಎಲೆ ಹದ ಮಾಡುವ ಕಾಲದಲ್ಲಿ ಬ್ಯಾರನ್‌ಗಳ ಒಲೆ ಹಗಲೂ ರಾತ್ರಿ ಉರಿಯುತ್ತದೆ. ಬೆಂಕಿಯ ಕಾವು ನಮಗೆ ಚೆನ್ನಾಗಿ ಗೊತ್ತು. ಹಿಮ ಎಂದರೇನೆಂದು ಗೊತ್ತಿಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿದ ನನಗೆ ಊರಿನಲ್ಲಿ ಸ್ವಲ್ಪ ಗೌರವವಿದೆ. ಮಕ್ಕಳಿಗೆ ಪಾಠ ಹೇಳುತ್ತೇನೆ. ತಾಯಂದಿರು ಮನೆಯ ಮಾತನ್ನೂ ನನ್ನ ಬಳಿ ತರುತ್ತಾರೆ. ಈ ಗೌರವ ಎಷ್ಟು ದೊಡ್ಡ ಹೊಣೆ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಪಿಯುಸಿಗೆ ಸೇರಿ ಎನ್‌ಸಿಸಿಗೆ ಹೆಸರು ಕೊಟ್ಟಿದ್ದಳು. ಬೆಟ್ಟ ಹತ್ತುವ ಶಿಬಿರಕ್ಕೆ ಆಯ್ಕೆಯಾದಳು. ಅವಳ ತಾಯಿ ಒಪ್ಪಿಗೆ ಪತ್ರ ಹಿಡಿದು ನೇರ ನನ್ನ ಬಳಿಗೆ ಬಂದರು. "ಆಪಾ, ನೀವು ಓದಿದವರು. ಏನು ಮಾಡಲಿ?" ಎಂದರು.

ಶಿಬಿರ ಎಲ್ಲಿ, ಎಷ್ಟು ದಿನ, ಜೊತೆಗೆ ಯಾರಿರುತ್ತಾರೆ ಎಂದು ನಾನು ಒಂದು ಮಾತೂ ಕೇಳಲಿಲ್ಲ. "ಹೆಣ್ಣುಮಕ್ಕಳಿಗೆ ಬೆಟ್ಟ ಹತ್ತಿ ಏನಾಗಬೇಕು? ಬೇಡ ಬಿಡಿ" ಎಂದುಬಿಟ್ಟೆ. ಆ ತಾಯಿ ಕಾಗದವನ್ನು ನಾಲ್ಕಾಗಿ ಮಡಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದರು. ಹುಡುಗಿ ಬಂದು ಯಾಕೆ ಎಂದು ಕೇಳಲಿಲ್ಲ. ಮರುವರ್ಷ ಎನ್‌ಸಿಸಿ ಬಿಟ್ಟಳು. ಅದರ ಮರುವರ್ಷ ನಿಕಾಹ್ ಆಯಿತು.

ಕಳೆದ ಮಳೆಗಾಲದಲ್ಲಿ ಆಕೆ ತನ್ನ ಹದಿನೇಳು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಮಗಳ ಕೈಯಲ್ಲಿ ಅಂಥದ್ದೇ ಒಂದು ಕಾಗದ.

"ಆಪಾ, ಅವತ್ತು ಅಮ್ಮಿ ನಿಮ್ಮ ಮಾತು ಕೇಳಿ ನನ್ನನ್ನು ಕಳಿಸಲಿಲ್ಲ. ನಮ್ಮ ಮಾವನೂ ನಿಮ್ಮ ಮಾತನ್ನೇ ಕೇಳೋದು. ಅದಕ್ಕೇ ನಿಮ್ಮ ಹತ್ತಿರ ಬಂದೆ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಏನು ಹೇಳಲೂ ತೋಚದೆ ಆ ಹುಡುಗಿಯ ನೋಟ್‌ಬುಕ್ ಕೈಗೆತ್ತಿಕೊಂಡೆ. ರಟ್ಟಿನ ಮೇಲೆ ಒಂದು ಚಿತ್ರ ಅಂಟಿಸಿದ್ದಳು. ಎತ್ತ ನೋಡಿದರೂ ಬಿಳಿ. ಮುಖ, ತಲೆ, ಕೈ ಎಲ್ಲ ಮುಚ್ಚಿಕೊಂಡ ಹೆಂಗಸೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜಾರುಬಂಡಿ ಎಳೆಯುತ್ತಿದ್ದಾರೆ. ಯಾರಮ್ಮಾ ಇವರು ಎಂದೆ.

"ರೀನಾ ಕೌಶಲ್ ಧರ್ಮಶಕ್ತು, ಆಪಾ. ದಕ್ಷಿಣ ಧ್ರುವಕ್ಕೆ ಸ್ಕೀ ಮಾಡಿಕೊಂಡು ಹೋದ ಮೊದಲ ಭಾರತೀಯ ಮಹಿಳೆ. ನಾನೂ ಒಂದಿನ ಹೋಗಬೇಕು."

ನನಗೆ ನಗು ಬಂತು. ಫ್ರಿಜ್ಜಿನ ಐಸು ಬಿಟ್ಟರೆ ಬೇರೆ ಹಿಮ ಕಾಣದ ಕಂಪಲಾಪುರದ ಹುಡುಗಿ ದಕ್ಷಿಣ ಧ್ರುವಕ್ಕೆ! ಆದರೆ ಪಕ್ಕದಲ್ಲಿ ಕುಳಿತಿದ್ದ ಅವಳ ತಾಯಿಯ ಮುಖ ನೋಡಿ ನಗು ನುಂಗಿಕೊಂಡೆ. "ಒಂದು ವಾರ ಸಮಯ ಕೊಡಿ. ಈ ಸಲ ಓದಿ, ಕೇಳಿ, ಆಮೇಲೆ ಮಾತಾಡುತ್ತೇನೆ" ಎಂದೆ.

ಆ ವಾರ ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ರೀನಾ ಬೆಳೆದದ್ದು ಡಾರ್ಜಿಲಿಂಗ್‌ನಲ್ಲಿ. ಅಲ್ಲಿನ ಹಿಮಾಲಯ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ ಪಡೆದು, ಮುಂದೆ ಇತರರಿಗೆ ಬೆಟ್ಟಗುಡ್ಡಗಳಲ್ಲಿ ಬದುಕುವುದನ್ನು ಕಲಿಸುವ ಶಿಕ್ಷಕಿಯಾದರು. 2009ಕ್ಕೆ ಕಾಮನ್‌ವೆಲ್ತ್ ಒಕ್ಕೂಟಕ್ಕೆ 60 ವರ್ಷ ತುಂಬಿತು. ಆ ನೆನಪಿಗಾಗಿ ಬ್ರಿಟನ್ನಿನ ಫೆಲಿಸಿಟಿ ಆಸ್ಟನ್ ಎಂಬ ಮಹಿಳೆ ಒಂದು ತಂಡ ಕಟ್ಟಿದರು. ಬೇರೆ ಬೇರೆ ದೇಶಗಳ ಮಹಿಳೆಯರೇ ಸೇರಿ ದಕ್ಷಿಣ ಧ್ರುವಕ್ಕೆ ಹೋಗಬೇಕೆಂಬುದು ಅವರ ಆಸೆ. ಆ ದೇಶಗಳ ಹೆಸರು ಕೇಳಿ: ಭಾರತ, ಸಿಂಗಾಪುರ, ಸೈಪ್ರಸ್, ಜಮೈಕಾ, ನ್ಯೂಜಿಲೆಂಡ್, ಬ್ರಿಟನ್, ಮತ್ತು ಬ್ರುನೈ. ಇವುಗಳಲ್ಲಿ ಸಿಂಗಾಪುರ, ಜಮೈಕಾ, ಬ್ರುನೈಗಳಲ್ಲಿ ಹಿಮ ಬೀಳುವುದೇ ಇಲ್ಲ. ಬ್ರುನೈ ಬೋರ್ನಿಯೋ ದ್ವೀಪದಲ್ಲಿರುವ ಪುಟ್ಟ ಮುಸ್ಲಿಮ್ ದೇಶ. ಭೂಮಧ್ಯರೇಖೆಯ ಹತ್ತಿರವಿರುವ ಆ ಸುಡುಸೆಕೆಯ ನಾಡಿನಿಂದ ಎರಾ ಅಲ್ ಸುಫ್ರಿ ಎಂಬ ಸಹೋದರಿ ಹೊರಟರು.

ಅವರು ಎದ್ದು ನೇರ ಧ್ರುವಕ್ಕೆ ಹೋದರೆಂದು ತಿಳಿಯಬೇಡಿ. ಮೊದಲು ನಾರ್ವೆಯ ಚಳಿಯಲ್ಲಿ ತರಬೇತಿಯಾಯಿತು. ಡೇರೆ ಕಟ್ಟುವುದು, ಗಾಳಿಯಲ್ಲಿ ಸ್ಟೌ ಹಚ್ಚುವುದು, ಒಬ್ಬರ ಕೆನ್ನೆ ಬಿಳಿಚಿಕೊಂಡರೆ ಇನ್ನೊಬ್ಬರು ಗುರುತಿಸಿ ಎಚ್ಚರಿಸುವುದು, ಇವನ್ನೆಲ್ಲ ಕಲಿತರು. ನಂತರ ಆಹಾರ, ಇಂಧನ, ಡೇರೆ ತುಂಬಿದ ಜಾರುಬಂಡಿಗಳನ್ನು ತಾವೇ ಎಳೆದುಕೊಂಡು 900 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿದರು. ಜಮೈಕಾದ ಸದಸ್ಯೆಗೆ ಆರಂಭದಲ್ಲೇ ಚಳಿಯಿಂದ ಬೆರಳುಗಳು ಮರಗಟ್ಟಿ ಗಾಯವಾಯಿತು. ಅವರನ್ನು ವಾಪಸು ಕಳುಹಿಸಬೇಕಾಯಿತು. ಉಳಿದ ಏಳು ಮಂದಿ 38 ದಿನಗಳ ನಂತರ, 2009ರ ಡಿಸೆಂಬರ್ 29ರಂದು ದಕ್ಷಿಣ ಧ್ರುವವನ್ನು ತಲುಪಿದರು. ಅವರಲ್ಲಿ ರೀನಾ ಇದ್ದರು, ಎರಾ ಕೂಡ ಇದ್ದರು.

ಈ ಊರಿನಿಂದ ಊರಿಗೆ ಹೋಗುವ ದಾರಿಯಂತೆ ಅದನ್ನು ಎಣಿಸಬೇಡಿ. ದಕ್ಷಿಣ ಧ್ರುವ ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ಅಷ್ಟೂ ಎತ್ತರ ಬಹುಪಾಲು ಮಂಜುಗಡ್ಡೆಯದೇ. ಅಂಟಾರ್ಕ್ಟಿಕಾದ ವೋಸ್ಟೋಕ್ ಎಂಬಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಗಿತ್ತು. ಬೇಸಿಗೆಯಲ್ಲೂ ಚಳಿ ಮೈನಸ್ ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತದೆ. ಅಲ್ಲಿ ಬೆವರಬಾರದು, ಬೆವರಿದರೆ ಬಟ್ಟೆಯೊಳಗೇ ಹೆಪ್ಪುಗಟ್ಟುತ್ತದೆ. ಕುಡಿಯುವ ನೀರೆಂದರೆ ಹಿಮವನ್ನು ಸ್ಟೌ ಮೇಲಿಟ್ಟು ಕರಗಿಸಿದ ನೀರು. 1911ರ ಡಿಸೆಂಬರ್ 14ರಂದು ನಾರ್ವೆಯ ಅಮುಂಡ್ಸೆನ್ ಮೊದಲು ಅಲ್ಲಿಗೆ ತಲುಪಿದರು. ಅವರ ಹಿಂದೆಯೇ 1912ರ ಜನವರಿಯಲ್ಲಿ ತಲುಪಿದ ಬ್ರಿಟನ್ನಿನ ಸ್ಕಾಟ್ ಮತ್ತು ನಾಲ್ವರು ಜೊತೆಗಾರರು ಹಿಂತಿರುಗುವ ದಾರಿಯಲ್ಲೇ ತೀರಿಹೋದರು. ಮಹಿಳೆಯರು ಮೊದಲ ಬಾರಿಗೆ ಅಲ್ಲಿ ಕಾಲಿಟ್ಟದ್ದು 1969ರಲ್ಲಿ, ಅದೂ ವಿಮಾನದಲ್ಲಿ ಹೋಗಿ. ನಮ್ಮ ದೇಶದ ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ವಿಜ್ಞಾನಿಗಳು ಅಂಟಾರ್ಕ್ಟಿಕಾಕ್ಕೆ ಹೋದದ್ದು 1983-84ರ ಮೂರನೇ ಭಾರತೀಯ ಯಾತ್ರೆಯಲ್ಲಿ.

ಇನ್ನೊಬ್ಬ ಯುವತಿಯ ಕಥೆಯನ್ನೂ ಓದಿದೆ. ಬ್ರಿಟನ್ನಿನ ಡರ್ಬಿಯ ಪಂಜಾಬಿ ಸಿಖ್ ಕುಟುಂಬದ ಹರ್‌ಪ್ರೀತ್ ಚಾಂಡಿ. ಆಗ ಸೇನೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದರು. ಧ್ರುವಯಾತ್ರೆಯ ಬಗ್ಗೆ ಮೊದಲು ಏನೂ ಗೊತ್ತಿಲ್ಲದಿದ್ದ ಆಕೆ ಸೊಂಟಕ್ಕೆ ಹಗ್ಗ ಬಿಗಿದು ಹಳೆಯ ಟೈರುಗಳನ್ನು ನೆಲದ ಮೇಲೆ ಎಳೆದು ಎಳೆದು ಅಭ್ಯಾಸ ಮಾಡಿದರು. 2022ರ ಜನವರಿ 3ರಂದು, 40 ದಿನಗಳಲ್ಲಿ ಸುಮಾರು 1,127 ಕಿಲೋಮೀಟರ್ ಒಬ್ಬರೇ ನಡೆದು ದಕ್ಷಿಣ ಧ್ರುವ ಮುಟ್ಟಿದರು. ಹಳೆಯ ಟೈರು ಯಾವ ಊರಿನಲ್ಲಿಲ್ಲ ಹೇಳಿ?

"ಅವರೆಲ್ಲ ದೂರದವರು" ಎಂದು ನಿಮಗೂ ಅನಿಸಬಹುದು. ನನಗೂ ಅನಿಸಿತ್ತು. ಆಗ ಆ ಹುಡುಗಿಯೇ ಹೇಳಿದಳು, "ಆಪಾ, ಕೊಡಗು ದೂರವಾ?" ನಮ್ಮೂರಿನ ಮುಂದೆ ಹಾದುಹೋಗುವ ರಸ್ತೆಯೇ ಕೊಡಗಿಗೆ ಹೋಗುತ್ತದೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಧ್ರುವಕ್ಕೆ ಹೋದವರಲ್ಲ. ಆದರೆ ಧ್ರುವಯಾತ್ರಿಗಳು ಸಾಗುವ ಹಾಗೆಯೇ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿ ಹಿಮದ ಮೇಲೆ ದೂರ ದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಆಕೆಯ ಕ್ರೀಡೆ. ಪರ್ವತಾರೋಹಣದ ತರಬೇತಿಗೆ ಹೋದಾಕೆ ಹಿಮದ ಸಂಗ ಹಿಡಿದರು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಹಿಮವೇ ಬೀಳದ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದರು. 2023ರಲ್ಲಿ ಸ್ಲೊವೇನಿಯಾದ ಪ್ಲಾನಿಕಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರವಾಗಿ ಓಡಿದರು. 2025ರಲ್ಲಿ ಚಿಲಿ ದೇಶದಲ್ಲಿ 5 ಕಿಲೋಮೀಟರ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಈ ಕ್ರೀಡೆಯಲ್ಲಿ ಅಂತಾರಾಷ್ಟ್ರೀಯ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. ಹಿಮವಿಲ್ಲದ ಕಾಲದಲ್ಲಿ ಈ ಕ್ರೀಡೆಯವರು ಚಕ್ರ ಕಟ್ಟಿದ ಸ್ಕೀಗಳಲ್ಲಿ ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರಂತೆ. ಮನೆ ಮುಂದೆ ಹಿಮ ಇಲ್ಲ ಎಂಬುದು ಇವರಿಗೆ ನೆಪವಾಗಲಿಲ್ಲ.

ಇಷ್ಟು ತಿಳಿದುಕೊಂಡು ನಾನು ಅವರ ಮನೆಗೆ ಹೋದೆ. ಹುಡುಗಿಯ ದಾದಾ ಜಗಲಿಯಲ್ಲಿ ಕುಳಿತಿದ್ದರು. ಎಪ್ಪತ್ತು ದಾಟಿದ ಹಿರಿಯರು. ವರ್ಷಗಟ್ಟಲೆ ತಂಬಾಕಿನ ಬ್ಯಾರನ್ ಮುಂದೆ ರಾತ್ರಿ ಕಾದವರು. ಅವರ ಮಾತು ಮೀರಿ ಆ ಮನೆಯಲ್ಲಿ ಏನೂ ನಡೆಯುವುದಿಲ್ಲ.

"ಬನ್ನಿ ಆಪಾ. ಯಾತಕ್ಕೆ ಬಂದಿದ್ದೀರಿ ಅಂತ ಗೊತ್ತು" ಎಂದರು. ಸುಮ್ಮನೆ ಕುಳಿತು ನನ್ನ ಕಥೆಯನ್ನೆಲ್ಲ ಕೇಳಿದರು. ಅಂಟಾರ್ಕ್ಟಿಕಾಕ್ಕೆ ಹೋದ ಮೊದಲ ಭಾರತೀಯ ತಂಡದ ನಾಯಕ ಅಲಹಾಬಾದಿನ ಡಾ. ಸಯ್ಯದ್ ಝಹೂರ್ ಖಾಸಿಮ್ ಎಂದಾಗ ಮಾತ್ರ ತಲೆ ಎತ್ತಿದರು. 1981ರ ಡಿಸೆಂಬರ್ 6ರಂದು 21 ಮಂದಿಯ ಆ ತಂಡ ಗೋವಾದಿಂದ ಹಡಗು ಹತ್ತಿ, 1982ರ ಜನವರಿ 9ರಂದು ಹಿಮಖಂಡದ ಮೇಲೆ ಕಾಲಿಟ್ಟಿತು ಎಂದೆ. "ನಮ್ಮವರೊಬ್ಬರು ಅಲ್ಲಿಗೂ ಹೋಗಿದ್ದರಾ?" ಎಂದು ಅಚ್ಚರಿಪಟ್ಟರು.

ಆಮೇಲೆ ಅವರು ಪ್ರಶ್ನೆಗಳನ್ನು ಕೇಳತೊಡಗಿದರು. ಹುಡುಗಿಯರ ಜೊತೆ ಯಾರಿರುತ್ತಾರೆ? ರಾತ್ರಿ ಎಲ್ಲಿ ಮಲಗುತ್ತಾರೆ? ಊಟ ಏನು? ಉಡುಪು ಹೇಗೆ? ನಮಾಝ್‌ನ ಗತಿ ಏನು?

ಸಹೋದರಿಯರೇ, ನಾನು ತಲೆತಗ್ಗಿಸಿದೆ. ಇವೇ ಪ್ರಶ್ನೆಗಳನ್ನು ಇಪ್ಪತ್ತು ವರ್ಷಗಳ ಹಿಂದೆ ನಾನು ಕೇಳಬೇಕಿತ್ತು. ಶಾಲೆಯ ಬಾಗಿಲು ಹೆಚ್ಚು ಕಾಣದ ಈ ಹಿರಿಯರು ಕೇಳುತ್ತಿದ್ದಾರೆ, ಬಿ.ಎ. ಓದಿದ ನಾನು ಕೇಳಲಿಲ್ಲ. ಪ್ರಶ್ನೆ ಕೇಳುವವರು ಬಾಗಿಲನ್ನು ಅರ್ಧ ತೆರೆದಿರುತ್ತಾರೆ. ನಾನು ಕೇಳದೆಯೇ ಬಾಗಿಲು ಹಾಕಿದ್ದೆ.

ಅವರ ಮುಂದೆಯೇ ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಅಧ್ಯಾಪಕಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದೆ. ಹುಡುಗಿಯರಿಗೆ ಬೇರೆಯೇ ವಸತಿ, ಮಹಿಳಾ ತರಬೇತುದಾರರು ಹಗಲೂ ರಾತ್ರಿ ಜೊತೆಗಿರುತ್ತಾರೆ, ಸಸ್ಯಾಹಾರ ಸಿಗುತ್ತದೆ, ಬಿಡುವಿನಲ್ಲಿ ನಮಾಝ್ ಮಾಡಲು ಅಡ್ಡಿಯಿಲ್ಲ ಎಂದು ಅವರು ಸಮಾಧಾನದಿಂದ ಉತ್ತರಿಸಿದರು. ದಾದಾ ಎರಡೆರಡು ಬಾರಿ ಕೇಳಿ ಖಚಿತಪಡಿಸಿಕೊಂಡರು.

ನಮಾಝ್‌ನ ಮಾತು ಬಂದದ್ದರಿಂದ ಹುಡುಗಿ ಒಳಗಿನಿಂದಲೇ ಕೇಳಿದಳು. "ಆಪಾ, ಧ್ರುವದಲ್ಲಿ ಆರು ತಿಂಗಳು ಸೂರ್ಯ ಮುಳುಗೋದೇ ಇಲ್ವಲ್ಲ. ಅಲ್ಲಿ ಮಗ್ರಿಬ್ ಯಾವಾಗ?"

ಈ ಪ್ರಶ್ನೆಗೆ ಮದ್ರಸದ ಪಾಠ ನೆರವಿಗೆ ಬಂತು. ಒಂದು ದಿನ ಒಂದು ವರ್ಷದಷ್ಟು ದೀರ್ಘವಾಗುವ ಕಾಲದ ಬಗ್ಗೆ ಪ್ರವಾದಿ(ಸ) ಹೇಳಿದಾಗ, ಅಂದು ಒಂದು ದಿನದ ನಮಾಝ್ ಸಾಕೇ ಎಂದು ಸಹಾಬಿಗಳು ಕೇಳಿದರು. ಸಾಲದು, ಸಮಯವನ್ನು ಅಂದಾಜು ಮಾಡಿ ನಿರ್ವಹಿಸಿ ಎಂಬ ಉತ್ತರ ಬಂತು. ಇದನ್ನೇ ಆಧರಿಸಿ ಧ್ರುವಪ್ರದೇಶದವರು ಇಪ್ಪತ್ನಾಲ್ಕು ಗಂಟೆಗಳನ್ನು ಭಾಗ ಮಾಡಿಕೊಂಡು ಐದು ಹೊತ್ತು ನಿರ್ವಹಿಸಬೇಕೆಂದು ವಿದ್ವಾಂಸರು ತಿಳಿಸಿದ್ದಾರೆ. ಇನ್ನು ಕಿಬ್ಲಾ? ದಕ್ಷಿಣ ಧ್ರುವದಲ್ಲಿ ನಿಂತರೆ ಎತ್ತ ತಿರುಗಿದರೂ ಉತ್ತರವೇ. ಆದರೆ ಮಕ್ಕಾದ ರೇಖಾಂಶ ಹಿಡಿದು ಮುಖ ಮಾಡಿದರೆ ನೇರ ಕಅಬಾದ ಕಡೆಗೆ. ಇದನ್ನು ವಿವರಿಸುವಾಗ ನನಗೇ ಖುಷಿಯಾಯಿತು. ಇಷ್ಟು ವರ್ಷ ಪುಸ್ತಕದಲ್ಲಿ ಓದಿಸಿದ ಮಾತಿಗೆ ಒಬ್ಬ ಹುಡುಗಿ ನಿಜವಾದ ಕೆಲಸ ಕೊಟ್ಟಿದ್ದಳು.

"ಉಡುಪಿನ ಚಿಂತೆ ಧ್ರುವದಲ್ಲಂತೂ ಬೇಡ ದಾದಾ, ಮೂಗು ಹೊರಗಿಟ್ಟರೂ ಹೆಪ್ಪುಗಟ್ಟುತ್ತೆ" ಎಂದು ಅವಳು ಹೇಳಿದಾಗ ಆ ಹಿರಿಯರೂ ನಕ್ಕರು.

ನಾನು ಅವರಿಗೆ ಇನ್ನೊಂದು ಸಂಗತಿ ನೆನಪಿಸಿದೆ. 1325ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಮೊರಾಕ್ಕೊದ ಮನೆಬಿಟ್ಟು ಹೊರಟ ಇಬ್ನ್ ಬತೂತಾ, ಉತ್ತರದ ಕತ್ತಲ ನಾಡಿನ ಬಗ್ಗೆ ಬರೆದಿದ್ದಾರೆ. ಅಲ್ಲಿಗೆ ನಲವತ್ತು ದಿನಗಳ ದಾರಿ, ಮಂಜಿನ ಮೇಲೆ ನಾಯಿಗಳೇ ಬಂಡಿ ಎಳೆಯುತ್ತವೆ, ಊಟದ ಹೊತ್ತಿಗೆ ಮನುಷ್ಯರಿಗಿಂತ ಮೊದಲು ನಾಯಿಗೆ ಬಡಿಸಬೇಕು, ಇಲ್ಲದಿದ್ದರೆ ಅದು ಮುನಿದು ಬಿಟ್ಟುಹೋಗುತ್ತದೆ ಎನ್ನುತ್ತಾರೆ. ಶ್ರಮ ಹೆಚ್ಚು, ಪ್ರಯೋಜನ ಕಡಿಮೆ ಎಂದು ತಾನು ಅಲ್ಲಿಗೆ ಹೋಗುವ ಆಸೆ ಬಿಟ್ಟೆ ಎಂದೂ ಒಪ್ಪಿಕೊಂಡಿದ್ದಾರೆ. ಅದೇ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿನ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರು, ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದಿದ್ದಾರೆ. ಏಳುನೂರು ವರ್ಷಗಳ ಹಿಂದೆ ನಮ್ಮ ನಾಡಿನ ತಂದೆ ತಾಯಂದಿರು ಹೆಣ್ಣುಮಕ್ಕಳನ್ನು ಕಳಿಸಲು ಬಾಗಿಲು ತೆರೆದಿದ್ದರು. ನಾವು ಅವರಿಗಿಂತ ಹಿಂದೆ ಉಳಿಯಬೇಕೇ?

ದಾದಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು, "ಇದರಲ್ಲಿ ತಂದೆ ಅಥವಾ ತಾಯಿ ಅಂತ ಇದೆ ಅಲ್ವಾ? ನನ್ನ ಮಗ ಊರಲ್ಲಿಲ್ಲ. ಸೊಸೆಯೇ ಹಾಕಲಿ" ಎಂದರು. ಬಳಿಕ, "ಈಗ ಈ ಹತ್ತು ದಿನದ ಬೆಟ್ಟ. ಧ್ರುವದ ಮಾತು ಆಮೇಲೆ ನೋಡೋಣ" ಎಂದು ಸೇರಿಸಿದರು.

ಅವಳು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು. ಪೆನ್ನು ಹಿಡಿದವಳು ಒಮ್ಮೆ ನನ್ನ ಕಡೆ ನೋಡಿದಳು. ಹೆಸರನ್ನು ಪೂರ್ತಿಯಾಗಿ, ನಾನು ಕಲಿಸಿದ್ದ ದುಂಡಗಿನ ಅಕ್ಷರದಲ್ಲಿ ಬರೆದಳು. ನಾನು ಅವಳ ಕೈ ಹಿಡಿದು, "ಅವತ್ತಿನದ್ದನ್ನು ಮಾಫ್ ಮಾಡಮ್ಮ" ಎಂದೆ. "ಬಿಡಿ ಆಪಾ, ಚಹಾ ತರ್ತೇನೆ" ಎಂದು ಒಳಗೆ ಹೋದಳು. ಚಹಾ ಬರಲು ಬಹಳ ಹೊತ್ತಾಯಿತು.

ಹೊರಡುವ ಮುನ್ನ ತಾಯಿ ಮಗಳು ಬೈಲುಕುಪ್ಪೆಗೆ ಹೋಗಿ ಒಂದು ಉಣ್ಣೆಯ ಸ್ವೆಟರ್ ತಂದರು. 1960ರ ದಶಕದ ಆರಂಭದಲ್ಲಿ ಹಿಮದ ನಾಡಿನಿಂದ ನಮ್ಮ ತಾಲೂಕಿಗೆ ಬಂದು ನೆಲೆಸಿದ ಟಿಬೆಟಿಯನ್ನರು ಅಲ್ಲಿದ್ದಾರೆ. ಅವರು ಹಿಮ ಬಿಟ್ಟು ನಮ್ಮ ಬಿಸಿಲಿನಲ್ಲಿ ಬದುಕಲು ಕಲಿತಿರುವಾಗ, ನಮ್ಮ ಹುಡುಗಿ ಚಳಿಯಲ್ಲಿ ಹತ್ತು ದಿನ ಇರಲಾರಳೇ?

ಹುಡುಗಿ ಹಿಂತಿರುಗಿದ ಮೇಲೆ ನನ್ನನ್ನು ನೋಡಲು ಬಂದಳು. ಹಿಮ್ಮಡಿಯಲ್ಲಿ ಬೊಕ್ಕೆ ಒಡೆದ ಗಾಯ, ಬಿಸಿಲಿಗೆ ಕಂದಿದ ಮುಖ. ಹೇಗಿತ್ತು ಎಂದೆ.

"ಮೂರನೇ ದಿನ ಅಳು ಬಂತು ಆಪಾ, ಚೀಲ ಬಿಸಾಕಿ ಮನೆಗೆ ಬರೋಣ ಅನಿಸಿತು. ಮುಂದಿನ ಮರದ ತನಕ ಮಾತ್ರ ನಡೆಯೋಣ ಅಂದುಕೊಂಡೆ. ಆಮೇಲೆ ಅದರ ಮುಂದಿನ ಮರದ ತನಕ."

ಸಬ್ರ್ ಎಂಬ ಪದದ ಅರ್ಥವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅವಳು ಅದನ್ನು ಹಿಮ್ಮಡಿಯ ಗಾಯದಲ್ಲಿ ಕಲಿತು ಬಂದಿದ್ದಳು. ರೀನಾ, ಎರಾ ಮತ್ತು ಅವರ ಜೊತೆಗಾರ್ತಿಯರು ಮರವೇ ಇಲ್ಲದ ಆ ಬಿಳಿ ಬಯಲಿನಲ್ಲಿ 38 ದಿನ ನಡೆದದ್ದೂ ಹೀಗೆಯೇ ಇರಬೇಕು.

ಸಹೋದರಿಯರೇ, ಎಲ್ಲ ಹುಡುಗಿಯರೂ ಧ್ರುವಕ್ಕೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಈ ಹುಡುಗಿಯೂ ಹೋಗುತ್ತಾಳೋ ಇಲ್ಲವೋ, ಅಲ್ಲಾಹನೇ ಬಲ್ಲ. ಬಂದ ಎಲ್ಲ ಕಾಗದಕ್ಕೂ ಕಣ್ಣುಮುಚ್ಚಿ ಸಹಿ ಹಾಕಿ ಎಂದೂ ಹೇಳುವುದಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಿ ಎಂಬುದು ನಮಗೆ ಕಲಿಸಿದ ಪಾಠ. ವಿಚಾರಿಸಿ. ಫೋನ್ ಮಾಡಿ. ಸಾಧ್ಯವಾದರೆ ಹೋಗಿ ನೋಡಿಬನ್ನಿ. ಎಲ್ಲ ಕೇಳಿದ ಮೇಲೆ ಬೇಡವೆನಿಸಿದರೆ, ಯಾಕೆ ಬೇಡ ಎಂಬುದನ್ನು ಮಗಳಿಗೆ ಕೂರಿಸಿಕೊಂಡು ಹೇಳಿ. ಕೇಳುವ ಮೊದಲೇ ಬೇಡ ಎನ್ನಬೇಡಿ.

ನಾನು ಹಾಗೆ ಅಂದ ಒಂದು ಮಾತು ಇಪ್ಪತ್ತು ವರ್ಷ ಒಬ್ಬಳ ಮನಸ್ಸಿನಲ್ಲಿ ನಾಲ್ಕಾಗಿ ಮಡಿಸಿಕೊಂಡೇ ಇತ್ತು. ನಿಮ್ಮ ಮನೆಯಲ್ಲಿ ಅಂಥ ಕಾಗದ ಯಾವುದಾದರೂ ಮಡಿಸಿಟ್ಟಿದ್ದರೆ, ಇವತ್ತೇ ತೆಗೆದು ಒಮ್ಮೆ ಓದಿ ನೋಡಿ.